ತ್ರಿಮಿತ್ರಕೂಟವೂ ನವಲಗುಂದದ ಸೀಮೆಯೂ

ಎರಡನೆಯ ಮಹಾಯುದ್ಧದ ಪಾಠವನ್ನು ತರಗತಿಯಲ್ಲಿ ಮುಗಿಸಿದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿರುತ್ತಿತ್ತು. 1945ನೆಯ ಇಸವಿಯ ಏಪ್ರಿಲ್ 25ರಂದು ಜರ್ಮನಿಯ ಎಲ್ಬೆ ನದಿಯ ದಂಡೆಯ ಮೇಲೆ, ಟೋರ್ಗೌ ಎಂಬ ಪಟ್ಟಣದ ಬಳಿ, ಪಶ್ಚಿಮದಿಂದ ಬಂದ ಅಮೇರಿಕದ ಸೈನಿಕರೂ ಪೂರ್ವದಿಂದ ಬಂದ ರಶಿಯದ ಸೈನಿಕರೂ ಕೈಗೆ ಕೈ ಕೂಡಿಸಿ ಸಂತೋಷಪಟ್ಟರು. ಮೂರು ವರ್ಷ ಕಳೆಯುವಷ್ಟರಲ್ಲಿ, 1948ರ ಜೂನ್ ತಿಂಗಳಿನಲ್ಲಿ, ಅದೇ ರಶಿಯವು ಬರ್ಲಿನ್ ನಗರದ ಪಶ್ಚಿಮ ಭಾಗಕ್ಕೆ ಹೋಗುವ ರಸ್ತೆ, ರೈಲು, ಜಲಮಾರ್ಗಗಳನ್ನೆಲ್ಲ ಮುಚ್ಚಿತು. ಅಮೇರಿಕವೂ ಇಂಗ್ಲೆಂಡೂ ಆ ನಗರಕ್ಕೆ ವಿಮಾನಗಳಲ್ಲಿ ಹಿಟ್ಟು, ಕಲ್ಲಿದ್ದಲುಗಳನ್ನು ಸಾಗಿಸಬೇಕಾಯಿತು. 1949ರ ಏಪ್ರಿಲ್‌ನಲ್ಲಿ ನ್ಯಾಟೋ ಒಕ್ಕೂಟ, ಆಗಸ್ಟಿನಲ್ಲಿ ರಶಿಯದ ಮೊದಲ ಅಣುಬಾಂಬು. “ಕೂಡಿ ಗೆದ್ದವರು ಹಿಂಗ್ಯಾಕ ಆದ್ರು, ಸರ್?” ಎಂಬುದು ಆ ಪ್ರಶ್ನೆ.

ಪಠ್ಯಪುಸ್ತಕದ ಉತ್ತರವನ್ನು ನಾನು ಹೇಳುತ್ತಿದ್ದೆ. ಒಂದು ಬಂಡವಾಳಶಾಹಿ ರಾಷ್ಟ್ರ, ಇನ್ನೊಂದು ಸಮತಾವಾದಿ ರಾಷ್ಟ್ರ; ಹಿಟ್ಲರನೆಂಬ ಸಮಾನ ವೈರಿಯು ಅಳಿದೊಡನೆ ತತ್ತ್ವಭೇದವು ತಲೆಯೆತ್ತಿತು ಎಂಬುದೇ ಆ ಉತ್ತರ. ಅದು ಸುಳ್ಳಲ್ಲ. ಆದರೆ ಅದರಿಂದ ನನಗೇ ಸಮಾಧಾನವಾಗುತ್ತಿರಲಿಲ್ಲ. ತತ್ತ್ವಭೇದವಿಲ್ಲದ ಕಡೆಗಳಲ್ಲಿಯೂ ಇದೇ ಕಥೆ ನಡೆದುದನ್ನು ಇತಿಹಾಸವು ತೋರಿಸುತ್ತದೆ. ಅದನ್ನು ಹುಡುಕಲು ಎಲ್ಬೆಯವರೆಗೆ ಹೋಗಬೇಕಾದುದೂ ಇಲ್ಲ. ನಮ್ಮ ತಿರ್ಲಾಪುರವಿರುವ ನವಲಗುಂದದ ಎರೆಯ ಸೀಮೆಯೇ ಅದಕ್ಕೆ ಸಾಕ್ಷಿ. ಈ ನೆಲವು ಒಂದು ಮಹಾಯುದ್ಧದ ಲೂಟಿಯ ಪಾಲಾಗಿ ಒಬ್ಬ ಮಿತ್ರನ ಕೈಗೆ ಹೋಗಿ, ಇಪ್ಪತ್ತೈದು ವರ್ಷಗಳ ತರುವಾಯ ಇನ್ನೊಬ್ಬ ಮಿತ್ರನ ಕೈಗೆ ಯುದ್ಧದಿಂದಲೇ ಬಂದಿತು.

ಶರಣಸಾಹಿತ್ಯದ ಅಭ್ಯಾಸಿಗಳಿಗೆ ಇಂಥ ಪಲ್ಲಟಗಳು ಹೊಸವಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಮೂರನೆಯ ತೈಲಪನ ಮಹಾಮಂಡಲೇಶ್ವರನಾಗಿದ್ದ ಬಿಜ್ಜಳನೇ ಆ ಸಿಂಹಾಸನವನ್ನು ಆಕ್ರಮಿಸಿದುದನ್ನು ನಾವು ಬಲ್ಲೆವು. ಅಣ್ಣನವರು ಭಂಡಾರಿಗಳಾಗಿ ಕಾರ್ಯ ಮಾಡಿದುದು ಅಂಥ ಅರಸನ ಬಳಿಯಲ್ಲಿ. ಆ ಚಾಲುಕ್ಯ ರಾಜ್ಯವು ಕುಸಿದ ಮೇಲೆ ಅದರ ಸಾಮಂತರೇ ಆಗಿದ್ದ ಹೊಯ್ಸಳರೂ ಸೇವುಣರೂ ಅದರ ನೆಲಕ್ಕಾಗಿ ಗದಗಿನ ಸಮೀಪದ ಸೊರಟೂರಿನಲ್ಲಿ ಕಾದಾಡಿದರು. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ರಾಮರಾಯನನ್ನು ಕೂಡಿ ಸೋಲಿಸಿದ ದಖ್ಖನಿನ ಸುಲ್ತಾನರ ಕಥೆಯೂ ಇಂಥದೇ. ವಿಜಾಪುರದವರೂ ಅಹಮದನಗರದವರೂ ಬೀಗತನದ ನಂಟಿನಿಂದ ಬೆಸೆದುಕೊಂಡು ಆ ಯುದ್ಧಕ್ಕೆ ಹೊರಟಿದ್ದರೂ, ಗೆದ್ದ ಕೆಲವೇ ವರ್ಷಗಳಲ್ಲಿ ಒಬ್ಬರ ಮೇಲೊಬ್ಬರು ದಂಡೆತ್ತಿದರು. ಈ ಬಗೆಗೆ ಸಾಕಷ್ಟು ಬರವಣಿಗೆ ಬಂದಿದೆಯಾದ್ದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಷ್ಟಾಗಿ ಯಾರೂ ಮುಟ್ಟದ, ನಮಗೆ ಇನ್ನೂ ಹತ್ತಿರವಾದ ಪ್ರಸಂಗವನ್ನೇ ಎತ್ತಿಕೊಳ್ಳುತ್ತೇನೆ.

ಹೈದರಾಲಿಯು 1778ರಲ್ಲಿ ಧಾರವಾಡವನ್ನು ವಶಪಡಿಸಿಕೊಂಡಂದಿನಿಂದ ಮಲಪ್ರಭೆಗೂ ತುಂಗಭದ್ರೆಗೂ ನಡುವಿನ ಈ ಸೀಮೆಯು ಮೈಸೂರಿನವರಿಗೂ ಪುಣೆಯವರಿಗೂ ವ್ಯಾಜ್ಯದ ನೆಲವಾಯಿತು. ಆತನ ಮಗ ಟಿಪ್ಪು ಸುಲ್ತಾನನು ನರಗುಂದದ ಸಂಸ್ಥಾನದಿಂದ ಹೆಚ್ಚಿನ ಖಂಡಣಿಯನ್ನು ಕೇಳಿ, ಅವರು ಒಪ್ಪದಿರಲು 1785ರಲ್ಲಿ ಆ ಕೋಟೆಯನ್ನು ಮುತ್ತಿ ತೆಗೆದುಕೊಂಡನು. ಕಿತ್ತೂರೂ ಅವನ ಕೈಸೇರಿತು. ಪುಣೆಯ ಕಾರಭಾರಿ ನಾನಾ ಫಡನವೀಸನು ಹೈದರಾಬಾದಿನ ನಿಜಾಮನೊಡಗೂಡಿ ಯುದ್ಧಮಾಡಿ 1786ರಲ್ಲಿ ಬಾದಾಮಿಯನ್ನು ಗೆದ್ದನು. 1787ರ ಗಜೇಂದ್ರಗಡದ ಕೌಲಿನಿಂದ ಆ ಜಗಳ ತಾತ್ಕಾಲಿಕವಾಗಿ ತಣ್ಣಗಾಯಿತು. ಧಾರವಾಡ ಮಾತ್ರ ಟಿಪ್ಪುವಿನಲ್ಲಿಯೇ ಉಳಿಯಿತು.

1789ರ ಡಿಸೆಂಬರ್ 29ರಂದು ಟಿಪ್ಪುವು ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋದನು. ಕುಂಪಣಿ ಸರಕಾರದ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಬೇಕಾಗಿದ್ದ ನೆವ ಅದರಿಂದ ದೊರೆಯಿತು. 1790ರ ಜೂನ್ 1ರಂದು ಪೇಶ್ವೆಯೊಡನೆಯೂ ಜುಲೈ 4ರಂದು ನಿಜಾಮನೊಡನೆಯೂ ಕರಾರುಗಳಾದವು. ಕೂಡಿ ಕಾದುವುದು, ಗೆದ್ದುದನ್ನು ಸಮವಾಗಿ ಹಂಚಿಕೊಳ್ಳುವುದು ಎಂಬುದೇ ಅವುಗಳ ತಿರುಳು. ಆಂಗ್ಲ ವ್ಯಾಪಾರಿಗಳ ಕುಂಪಣಿ, ಬ್ರಾಹ್ಮಣ ಪೇಶ್ವೆಯ ದರಬಾರು, ಮುಸಲ್ಮಾನ ನಿಜಾಮನ ದರಬಾರು ಈ ಮೂರನ್ನೂ ಒಂದು ನೊಗಕ್ಕೆ ಹೂಡಿದುದು ಮತವಲ್ಲ, ತತ್ತ್ವವಲ್ಲ. ಟಿಪ್ಪುವಿನ ಭಯ ಒಂದು, ಟಿಪ್ಪುವಿನ ನೆಲದ ಆಸೆ ಇನ್ನೊಂದು.

ಆ ಕೂಟದ ಮೊದಲ ದೊಡ್ಡ ಕಾರ್ಯವು ನಮ್ಮ ಧಾರವಾಡದ ಕೋಟೆಯ ಮುಂದೆಯೇ ನಡೆಯಿತು. 1790ರ ಸೆಪ್ಟೆಂಬರಿನಲ್ಲಿ ಪರಶುರಾಮಭಾವು ಪಟವರ್ಧನನು ಅದನ್ನು ಮುತ್ತಿದನು. ಅವನ ಜೊತೆಗೆ ಮುಂಬಯಿಯಿಂದ ಬಂದ ಕುಂಪಣಿಯ ಒಂದು ತುಕಡಿ, ಅದರ ನಾಯಕ ಕ್ಯಾಪ್ಟನ್ ಲಿಟಲ್. ಕೋಟೆಯೊಳಗೆ ಟಿಪ್ಪುವಿನ ಕಿಲ್ಲೇದಾರ ಬದರುಜ್ಜಮಾನ್ ಖಾನ. ಸುಮಾರು ಇಪ್ಪತ್ತೊಂಬತ್ತು ವಾರಗಳವರೆಗೆ ಅವನು ಕೋಟೆಯನ್ನು ಕಾಯ್ದುಕೊಂಡನು.

ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿಯು ಈ ಮುತ್ತಿಗೆಯ ವೃತ್ತಾಂತವನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಹಿಂದೂ ದೇವತೆಗಳ ಬಗೆಗೆ ಮುಂದೆ ದೊಡ್ಡ ಗ್ರಂಥವನ್ನು ಬರೆದವನೂ ಇವನೇ. ಮರಾಠರ ತೋಪುಖಾನೆಯನ್ನು ಅವನು ವರ್ಣಿಸಿರುವ ಭಾಗ ಬಹು ಪ್ರಸಿದ್ಧವಾದುದು. ತೋಪಿಗೆ ಮದ್ದು ತುಂಬುವುದು, ಆಮೇಲೆ ಎಲ್ಲರೂ ಕುಳಿತು ಅರ್ಧ ತಾಸು ಗುಡಿಗುಡಿ ಸೇದುತ್ತ ಹರಟೆ ಹೊಡೆಯುವುದು, ಹಾರಿಸುವುದು, ಗೋಡೆಯಿಂದ ಧೂಳೆದ್ದರೆ ತೃಪ್ತಿಪಡುವುದು, ಮತ್ತೆ ತುಂಬಿ ಮತ್ತೆ ಹರಟೆಗೆ ತೊಡಗುವುದು. ಮಧ್ಯಾಹ್ನದ ಊಟದ ಹೊತ್ತಿಗೆ ಒಳಗಿನವರೂ ಹೊರಗಿನವರೂ ತಾವಾಗಿಯೇ ಗುಂಡು ನಿಲ್ಲಿಸುವುದು. ಓದಿದರೆ ನಗು ಬರುತ್ತದೆ. ಆದರೆ ಮಿತ್ರನ ಪಾಳೆಯದಲ್ಲಿ ಕುಳಿತು ಮಿತ್ರನ ತೋಪು ತಾಸಿಗೆ ಎಷ್ಟು ಸಲ ಹಾರುತ್ತದೆಂದು ಎಣಿಸುತ್ತಿದ್ದವನ ಬರಹವಿದು ಎಂಬುದನ್ನು ನೆನೆದರೆ ನಗು ನಿಲ್ಲುತ್ತದೆ. ಮರಾಠರ ಕಡೆಯವರೂ ಆಂಗ್ಲರನ್ನು ಎಣಿಸದೆ ಇರಲಿಲ್ಲ. ಆಂಗ್ಲರ ಸಹಾಯಕ್ಕೆ ಬಂದ ಕರ್ನಲ್ ಫ್ರೆಡರಿಕನು ಸಾಕಷ್ಟು ಮದ್ದುಗುಂಡುಗಳಿಲ್ಲದೆಯೇ ಲಗ್ಗೆ ಹತ್ತಿಸಿ ವಿಫಲನಾಗಿ, ಮುತ್ತಿಗೆ ಮುಗಿಯುವ ಮೊದಲೇ ಅಲ್ಲಿಯೇ ತೀರಿಕೊಂಡನು. 1791ರ ಏಪ್ರಿಲ್ ಆರಂಭದಲ್ಲಿ ಕೋಟೆಯು ಬಿದ್ದುದು ಲಗ್ಗೆಯಿಂದಲ್ಲ, ಕೌಲಿನಿಂದ. ಆ ಕೌಲೂ ಉಳಿಯಲಿಲ್ಲ. ಕೋಟೆ ಬಿಟ್ಟು ಹೊರಟ ಖಾನನ ಮೇಲೆ ದಾರಿಯಲ್ಲಿ ಏರಿಹೋಗಿ ಅವನನ್ನು ಸೆರೆಹಿಡಿದರು.

ಇನ್ನೊಂದು ಪ್ರಸಂಗ. ಅದೇ 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿಯೂ ಕಾಳುಕಡಿ ಇಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಹಿಂದೆಗೆಯಬೇಕಾಯಿತು. ಮೇಲುಕೋಟೆಯ ಹತ್ತಿರ ದೂರದಿಂದ ಕುದುರೆದಂಡು ಕಾಣಿಸಿತು. ವೈರಿಗಳೆಂದು ಭ್ರಮಿಸಿ ಸಿಪಾಯಿಗಳು ಸಿದ್ಧರಾಗುತ್ತಿರಲು, ಅವರು ಹರಿಪಂತ ಫಡಕೆಯ ಮತ್ತು ಪರಶುರಾಮಭಾವುವಿನ ಮರಾಠರೆಂದು ತಿಳಿಯಿತು. ಆಂಗ್ಲರ ಪಾಳೆಯದಲ್ಲಿ ಹಸಿವು, ಮರಾಠರ ಪಾಳೆಯದಲ್ಲಿ ಪೇಟೆ! ಇಂಗ್ಲೆಂಡಿನ ಬನಾತು, ಕಾಶ್ಮೀರದ ಶಾಲು, ವಜ್ರದ ಒಡವೆ, ಕುರಿಕೋಳಿ, ಧಾನ್ಯ ಎಲ್ಲವೂ ಅಲ್ಲಿ ಮಾರಾಟಕ್ಕಿದ್ದುವೆಂದು ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸನು ಹೇಳುತ್ತಾನೆ. ಹಸಿದ ಮಿತ್ರನಿಗೆ ಆ ಕಾಳನ್ನು ಮಾರಿದುದು ದುಬಾರಿ ದರದಲ್ಲಿ. ಇಷ್ಟಾದ ಮೇಲೆ ಹರಿಪಂತನು ತನ್ನ ದಂಡಿನ ಖರ್ಚಿಗೆ ಹಣ ಬೇಡಿದನು. ಕಾರ್ನ್‌ವಾಲಿಸನು ಚೀನಾದ ವ್ಯಾಪಾರಕ್ಕೆಂದು ಹಡಗಿನಲ್ಲಿದ್ದ ಬೆಳ್ಳಿಯನ್ನು ಮದರಾಸಿನಲ್ಲಿ ಇಳಿಸಿ, ಅವನಿಗೆ 12 ಲಕ್ಷ ರೂಪಾಯಿ ಸಾಲ ಕೊಟ್ಟನು. ಆ ದಿನಗಳಲ್ಲಿ ಮರಾಠರಿಲ್ಲದಿದ್ದರೆ ಕುಂಪಣಿಯ ದಂಡು ಉಳಿಯುತ್ತಿರಲಿಲ್ಲ. ಕುಂಪಣಿಯ ಬೆಳ್ಳಿಯಿಲ್ಲದಿದ್ದರೆ ಮರಾಠರ ದಂಡು ನಿಲ್ಲುತ್ತಿರಲಿಲ್ಲ. ಆದರೂ ಇಬ್ಬರ ನೆನಪಿನಲ್ಲಿಯೂ ಉಳಿದುದು ಉಪಕಾರವಲ್ಲ, ದರ ಮತ್ತು ಸಾಲ.

ಇಪ್ಪತ್ತನೆಯ ಶತಮಾನದ ಮಹಾಶಕ್ತಿಗಳಲ್ಲಿಯೂ ಇದನ್ನೇ ಕಾಣುತ್ತೇವೆ. ಜರ್ಮನರ ದೊಡ್ಡ ಸೈನ್ಯವನ್ನು ವರ್ಷಗಟ್ಟಲೆ ತಾನೊಬ್ಬನೇ ತಡೆದೆನೆಂದೂ ಪಶ್ಚಿಮದವರು 1944ರ ಜೂನ್‌ವರೆಗೆ ಫ್ರಾನ್ಸಿನಲ್ಲಿ ಎರಡನೆಯ ರಂಗವನ್ನು ತೆರೆಯಲಿಲ್ಲವೆಂದೂ ರಶಿಯದ ದೂರು. ತನ್ನ ಲಾರಿ, ವಿಮಾನ, ಧಾನ್ಯಗಳಿಲ್ಲದೆ ರಶಿಯ ಎಲ್ಲಿ ಉಳಿಯುತ್ತಿತ್ತೆಂದು ಅಮೇರಿಕದ ಎಣಿಕೆ. ರಶಿಯವು ಆ ಯುದ್ಧದಲ್ಲಿ ಕಳೆದುಕೊಂಡ ಜೀವಗಳ ಸಂಖ್ಯೆ ಸುಮಾರು 2 ಕೋಟಿ 70 ಲಕ್ಷ. ಜರ್ಮನಿ ಶರಣಾದ ಕೆಲವೇ ದಿನಗಳಲ್ಲಿ, 1945ರ ಮೇ ತಿಂಗಳಿನಲ್ಲಿಯೇ, ಅಮೇರಿಕದ ಅಧ್ಯಕ್ಷ ಟ್ರೂಮನ್ನನು ಆ ಸಾಮಗ್ರಿಯ ಪೂರೈಕೆಯನ್ನು ಥಟ್ಟನೆ ಕಡಿತಗೊಳಿಸಿದನು. ಒಬ್ಬನ ಖಾತೆಯಲ್ಲಿ ರಕ್ತ, ಇನ್ನೊಬ್ಬನ ಖಾತೆಯಲ್ಲಿ ಹಣ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ಕಲ್ಲು ಯಾರ ಬಳಿಯಲ್ಲಿಯೂ ಇರುವುದಿಲ್ಲ.

ಮಿತ್ರಸೈನ್ಯಗಳ ಹಾದಿಯಲ್ಲಿ ಬಿದ್ದವರ ಪಾಡನ್ನು ಒಂದು ಮಾತಿನಲ್ಲಾದರೂ ಹೇಳಬೇಕು. 1791ರಲ್ಲಿಯೇ ಪಟವರ್ಧನರ ದಂಡಿನ ಸವಾರರು ಶೃಂಗೇರಿಯ ಮಠವನ್ನು ಸುಲಿದರು. ಅದರ ಪುನರುದ್ಧಾರಕ್ಕೆ ಹಣಕಾಸಿನ ನೆರವನ್ನು ಕಳುಹಿಸಿ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆಯಿಸಿದವನು ಟಿಪ್ಪು ಸುಲ್ತಾನ. ಆರ್. ನರಸಿಂಹಾಚಾರ್ಯರು 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದರು. ಮತಗಳ ಗೆರೆಯ ಮೇಲೆ ಈ ಯುದ್ಧವನ್ನು ಓದಬಯಸುವವರು ಇದನ್ನು ದಾಟಿ ಹೋಗುತ್ತಾರೆ, ದಾಟಬಾರದು.

1792ರ ಮಾರ್ಚ್ 18ರಂದು ಶ್ರೀರಂಗಪಟ್ಟಣದ ಕೌಲಾಯಿತು. ಟಿಪ್ಪುವು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು; ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟನು. ನೆಲದ ಅರ್ಧವನ್ನು ಮೂರು ಸಮ ಪಾಲು ಮಾಡಿದರು. ಸಮವೆಂದರೆ ನೆಲದ ಅಳತೆಯಲ್ಲಿ ಸಮವಲ್ಲ, ಉತ್ಪನ್ನದಲ್ಲಿ ಸಮ. ಕೌಲಿನ ಜೊತೆಯ ಪಟ್ಟಿಯಲ್ಲಿ ತಾಲೂಕುಗಳ ಹೆಸರು, ಅವುಗಳ ಮುಂದೆ ವರಹಗಳ ಅಂಕಿ. ಇಂಥ ಪಟ್ಟಿಗಳಲ್ಲಿ ಹಳ್ಳಿಗಳ ಹೆಸರು ಬರುವುದಿಲ್ಲ. ತುಂಗಭದ್ರೆಯವರೆಗಿನ ಧಾರವಾಡ ಸೀಮೆ ಪೇಶ್ವೆಗೆ ಬಂದಿತು. ಕಡಪೆ, ಗಂಜಿಕೋಟೆ ಮೊದಲಾದವು ನಿಜಾಮನಿಗೆ. ಮಲಬಾರು, ಕೊಡಗು, ಬಾರಾಮಹಲು, ದಿಂಡಿಗಲ್ಲು ಕುಂಪಣಿಗೆ.

ಈ ಹಂಚಿಕೆಯನ್ನು ನಕ್ಷೆಯ ಮೇಲೆ ನೋಡಿದರೆ ಒಂದು ಸಂಗತಿಯು ಎದ್ದು ಕಾಣುತ್ತದೆ. ಪೇಶ್ವೆಯೂ ನಿಜಾಮನೂ ತಮ್ಮ ಬೇಲಿಗೆ ಹೊಂದಿದ ಹೊಲವನ್ನು ತೆಗೆದುಕೊಂಡರು. ಕುಂಪಣಿಯು ತೆಗೆದುಕೊಂಡುದು ಘಟ್ಟಗಳನ್ನು, ಕರಾವಳಿಯನ್ನು, ಮೈಸೂರಿಗೆ ಮೇಲೇರುವ ದಾರಿಗಳನ್ನು. ಇವರು ಪಾಲು ಪಡೆದರು, ಅವರು ಮುಂದಿನ ಯುದ್ಧದ ಬಾಗಿಲುಗಳನ್ನು ಪಡೆದರು. ಪುಣೆಯವರಿಗೆ ಇದು ಹೊಳೆಯಲಿಲ್ಲವೆಂದು ಹೇಳುವಂತಿಲ್ಲ. ಟಿಪ್ಪುವನ್ನು ಬಗ್ಗಿಸಬೇಕೇ ಹೊರತು ಅಳಿಸಬಾರದು, ಅವನು ಅಳಿದರೆ ತಮಗೂ ಆಂಗ್ಲರಿಗೂ ನಡುವೆ ಗೋಡೆಯಿರುವುದಿಲ್ಲ ಎಂಬ ತಿಳಿವಳಿಕೆ ಅಲ್ಲಿಯ ಮುತ್ಸದ್ದಿಗಳಿಗೆ ಇತ್ತು. ಯುದ್ಧದ ತರುವಾಯವೂ ಮೂವರೂ ಪರಸ್ಪರ ರಕ್ಷಣೆಗೆ ಬದ್ಧರಾಗಿರೋಣವೆಂದು ಕಾರ್ನ್‌ವಾಲಿಸನು ಮುಂದಿಟ್ಟ ಕರಾರಿಗೆ ಅವರು ಒಪ್ಪಲಿಲ್ಲ. ಒಪ್ಪದಿರಲು ಕಾರಣವೂ ಇತ್ತು. ನಿಜಾಮನಿಂದ ಬರಬೇಕಾದ ಚೌಥಾಯಿಯ ಬಾಕಿಯನ್ನು ವಸೂಲು ಮಾಡುವ ಹಕ್ಕನ್ನು ಅವರು ಬಿಡಬಯಸಲಿಲ್ಲ.

ಮೂರೇ ವರ್ಷ. 1795ರ ಮಾರ್ಚ್ 11ರಂದು ಖರ್ಡಾದ ಬಯಲಿನಲ್ಲಿ ಮರಾಠರು ನಿನ್ನೆಯ ಮಿತ್ರ ನಿಜಾಮನನ್ನು ಸೋಲಿಸಿದರು. ಇನ್ನೊಬ್ಬ ಮಿತ್ರ ಕುಂಪಣಿಯು ಕೈಕಟ್ಟಿ ನೋಡುತ್ತ ನಿಂತಿತು. ಇದರಿಂದ ರೋಸಿದ ನಿಜಾಮನು ಆಂಗ್ಲರ ಪಲ್ಟಣಗಳನ್ನು ಕಳುಹಿಸಿಬಿಟ್ಟು ರೇಮಂಡನೆಂಬ ಫ್ರೆಂಚನ ದಂಡನ್ನು ನೆಚ್ಚಿದನು. ಆದರೆ 1798ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯ ಸಹಾಯಕ ಸೈನ್ಯದ ಕರಾರಿಗೆ ತಾನೇ ಕೊರಳೊಡ್ಡಿದನು. 1799ರ ಮೇ 4ರಂದು ಟಿಪ್ಪುವು ಶ್ರೀರಂಗಪಟ್ಟಣದಲ್ಲಿ ಮಡಿದಾಗ ಮರಾಠರ ದಂಡು ಅಲ್ಲಿರಲಿಲ್ಲ. ಆದರೂ ಸೋಂದೆ, ಹರಪನಹಳ್ಳಿ ಮೊದಲಾದ ಕೆಲವು ಸೀಮೆಗಳನ್ನು ಷರತ್ತುಗಳೊಡನೆ ಪೇಶ್ವೆಗೆ ನೀಡಲು ಕುಂಪಣಿಯವರು ಮುಂದಾದರು. ಪೇಶ್ವೆಯು ಆ ಷರತ್ತುಗಳಿಗೆ ಒಪ್ಪಲಿಲ್ಲ. ನಿಜಾಮನೋ, 1792ರಲ್ಲಿ ಪಡೆದುದನ್ನೂ 1799ರಲ್ಲಿ ಪಡೆದುದನ್ನೂ 1800ರಲ್ಲಿ ಕುಂಪಣಿಗೇ ಬರೆದುಕೊಟ್ಟನು, ತನ್ನನ್ನು ಕಾಯುವ ಕುಂಪಣಿಯ ಸೈನ್ಯದ ಖರ್ಚಿಗೆಂದು. ಬಳ್ಳಾರಿ, ಅನಂತಪುರ, ಕಡಪೆಗಳ ಆ ನೆಲಕ್ಕೆ ದತ್ತಮಂಡಲವೆಂಬ ಹೆಸರಾಯಿತು. ಪಾಲು ಪಡೆದವನೇ ಪಾಲಾದನು!

ಗೋಡೆ ಬಿದ್ದುಹೋಗಿತ್ತು. ಈಗ ತುಂಗಭದ್ರೆಯ ಆಚೆ ದಂಡೆಯಲ್ಲಿ ಕುಂಪಣಿಯ ನೆರಳಿನ ಮೈಸೂರು, ಕುಂಪಣಿಯದೇ ಆದ ದತ್ತಮಂಡಲ. ಈಚೆ ದಂಡೆಯಲ್ಲಿ ಪೇಶ್ವೆಯ ಧಾರವಾಡ. ಮೊದಲು ದಾಟಿ ಬಂದುದು ಯುದ್ಧವಲ್ಲ, ಸಹಾಯ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡಿಸಿಕೊಂಡು ದಂಡು ಕಟ್ಟಿದ ಧೋಂಡಿಯಾ ವಾಘನು ಈ ಸೀಮೆಯಲ್ಲೆಲ್ಲ ಹರಿದಾಡುತ್ತಿದ್ದನು. 1800ರ ಜೂನ್ ಕೊನೆಗೆ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯು ಅವನ ಕೈಯಲ್ಲಿ ಹತನಾದನು. ಗವರ್ನರ್ ಜನರಲ್ಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಯು ಪೇಶ್ವೆಯ ನೆಲದೊಳಕ್ಕೆ ದಂಡು ತಂದು, ಜುಲೈನಲ್ಲಿ ಡಂಬಳದ ಕೋಟೆಯನ್ನು ಹತ್ತಿ, ಸೆಪ್ಟೆಂಬರ್ 10ರಂದು ಧೋಂಡಿಯಾನನ್ನು ಕೊಂದನು. ಈ ಓಡಾಟದಲ್ಲಿ ಇಲ್ಲಿಯ ಹೊಳೆ, ಹಾದಿ, ಕೋಟೆ, ಮೇವು ಎಲ್ಲವೂ ಅವನಿಗೆ ಕರತಲಾಮಲಕವಾದುವು. 1802ರ ಡಿಸೆಂಬರ್ 31ರಂದು ಎರಡನೆಯ ಬಾಜೀರಾಯನು ವಸಯಿಯಲ್ಲಿ ಕುಂಪಣಿಯ ರಕ್ಷಣೆಯನ್ನು ಬೇಡಿದೊಡನೆ, 1803ರ ಮಾರ್ಚ್‌ನಲ್ಲಿ ಹರಿಹರದಿಂದ ಹೊರಟು ಏಪ್ರಿಲ್‌ನಲ್ಲಿ ಪುಣೆ ಸೇರಿದವನು ಅವನೇ. ಅದೇ ಸೆಪ್ಟೆಂಬರಿನಲ್ಲಿ ಅಸಾಯಿಯ ರಣದಲ್ಲಿ ಸಿಂದೆಯನ್ನೂ ಬೋಸಲೆಯನ್ನೂ ಮುರಿದವನೂ ಅವನೇ.

ಈ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನಾಗಿ 1815ರಲ್ಲಿ ವಾಟರ್ಲೂ ಗೆದ್ದನು. ಆ ವರ್ಷದ ಆರಂಭದಲ್ಲಿ ವಿಯೆನ್ನಾದಲ್ಲಿ ನೆಪೋಲಿಯನ್ನನನ್ನು ಕೂಡಿ ಸೋಲಿಸಿದ ರಾಜ್ಯಗಳು ನೆಲ ಹಂಚಿಕೊಳ್ಳಲು ಕುಳಿತಿದ್ದುವು. ಜನವರಿ 3ರಂದು ಅವುಗಳಲ್ಲಿ ಇಂಗ್ಲೆಂಡೂ ಆಸ್ಟ್ರಿಯವೂ ಸೋತ ಫ್ರಾನ್ಸನ್ನೇ ಸೇರಿಸಿಕೊಂಡು, ತಮ್ಮ ಮಿತ್ರರಾದ ರಶಿಯ-ಪ್ರಶಿಯಗಳಿಗೆ ವಿರುದ್ಧವಾಗಿ ಗುಪ್ತ ಕರಾರನ್ನು ಮಾಡಿಕೊಂಡುವು. ಕಾವೇರಿಯ ದಂಡೆಯ ಕಥೆಯು ಡ್ಯಾನ್ಯೂಬಿನ ದಂಡೆಯಲ್ಲಿಯೂ ನಡೆಯಿತು.

ಇನ್ನು ನವಲಗುಂದಕ್ಕೆ ಬರೋಣ. ಧೋಂಡೋಪಂತನ ತರುವಾಯ ಅವನ ಅಣ್ಣನ ಮಗ ಬಾಪು ಗೋಖಲೆಯು ಪೇಶ್ವೆಯ ಸೇನಾಪತಿಯ ಸ್ಥಾನಕ್ಕೇರಿದನು. ಈ ಸೀಮೆಯು ಆ ಮನೆತನದ ಸರಂಜಾಮಾಗಿತ್ತು. ಬಾಜೀರಾಯನ ಕಾಲದಲ್ಲಿ ಮಾಮಲತುಗಳನ್ನು ಹೆಚ್ಚು ಹಣ ಹೇಳಿದವನಿಗೆ ಇಜಾರೆ ಕೊಡುವ ಪದ್ಧತಿ ಬೆಳೆಯಿತು. ಇಜಾರದಾರನಿಗೆ ನೆಲದ ಚಿಂತೆಯೇಕೆ, ರೈತನ ಚಿಂತೆಯೇಕೆ? ವರ್ಷದೊಳಗೆ ಕೊಟ್ಟ ಹಣವನ್ನೂ ಅದರ ಮೇಲಿನ ಲಾಭವನ್ನೂ ಎತ್ತಿಕೊಂಡರೆ ಅವನ ಕೆಲಸವಾಯಿತು.

1817ರ ಜೂನ್ 13ರ ಪುಣೆಯ ಕರಾರಿನಿಂದ ಪೇಶ್ವೆಯು ಧಾರವಾಡ, ಕುಸುಗಲ್ಲುಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. 1791ರಲ್ಲಿ ಆಂಗ್ಲರೂ ಮರಾಠರೂ ಕೂಡಿ ಇಪ್ಪತ್ತೊಂಬತ್ತು ವಾರ ಮುತ್ತಿದ ಕೋಟೆಯು ಇಪ್ಪತ್ತಾರು ವರ್ಷಗಳ ಮೇಲೆ ಒಂದು ಕಾಗದದಿಂದ ಕೈ ಬದಲಾಯಿಸಿತು. ಅದನ್ನು ವಹಿಸಿಕೊಳ್ಳಲು ಬಂದವನು ಥಾಮಸ್ ಮನ್ರೋ, ದತ್ತಮಂಡಲದ ಮೊದಲ ಕಲೆಕ್ಟರನಾಗಿ ಏಳು ವರ್ಷ ದುಡಿದು ಕನ್ನಡ-ತೆಲುಗು ರೈತರನ್ನು ಹತ್ತಿರದಿಂದ ಕಂಡವನು. ನವೆಂಬರ್ 5ರಂದು ಪುಣೆಯ ಬಳಿಯ ಖಡಕಿಯಲ್ಲಿ ಯುದ್ಧವು ಹತ್ತಿದಾಗ ಅವನ ಬಳಿ ಹೇಳಿಕೊಳ್ಳುವಂಥ ದಂಡಿರಲಿಲ್ಲ. ಅವನು ಮಾಡಿದ ಉಪಾಯ ವಿಚಿತ್ರವಾದುದು. ಇನ್ನೂ ಗೆಲ್ಲದ ತಾಲೂಕುಗಳಿಗೆ ಮೊದಲೇ ಅಮಲ್ದಾರರನ್ನು ನೇಮಿಸಿ, ಆ ತಾಲೂಕಿನ ಜನರಿಂದಲೇ ಶೇತಸನದಿ ಪ್ಯಾದೆಗಳನ್ನು ಕೂಡಿಸಿ, ಅವರ ಕೈಯಿಂದಲೇ ನೆಲವನ್ನು ಹಿಡಿಸತೊಡಗಿದನು. ನವಲಗುಂದಕ್ಕೆ ನೇಮಕಗೊಂಡವನು ರಾಮರಾವ್ ಎಂಬವನು. ಗೋಖಲೆಯ ಮಗನು ಕುದುರೆದಂಡಿನೊಡನೆ ಅಲ್ಲಿದ್ದರೂ, ರಾಮರಾಯನ ಪ್ಯಾದೆಗಳು ತಾಲೂಕಿನ ಬಹುಭಾಗವನ್ನು ವಶಪಡಿಸಿಕೊಂಡು ಪಟ್ಟಣವನ್ನು ಹಿಡಿದರು. ಡಿಸೆಂಬರಿನ ಕೊನೆಗೆ ಮನ್ರೋ ಸ್ವತಃ ನೆರವಿಗೆ ಬಂದನು. 1818ರ ಜನವರಿಯಲ್ಲಿ ಗದಗು, ಡಂಬಳ, ಹುಬ್ಬಳ್ಳಿ, ಫೆಬ್ರುವರಿಯಲ್ಲಿ ಬಾದಾಮಿ, ಏಪ್ರಿಲ್ 10ರಂದು ಬೆಳಗಾವಿ. ಅದೇ ಫೆಬ್ರುವರಿ 20ರಂದು ಬಾಪು ಗೋಖಲೆಯು ಅಷ್ಟಿಯಲ್ಲಿ ಹೋರಾಡುತ್ತ ಮಡಿದನು. ಜೂನ್ 3ರಂದು ಬಾಜೀರಾಯನು ಶರಣಾದನು.

ನವಲಗುಂದವನ್ನು ಕುಂಪಣಿಗೆ ಗೆದ್ದುಕೊಟ್ಟವರು ಹೀಗೆ ನವಲಗುಂದದ ಜನರೇ. ಈ ಮಾತನ್ನು ಹೇಳಲು ನನಗೂ ಹಿತವಾಗದು. ಆದರೆ ಅವರನ್ನು ದೇಶದ್ರೋಹಿಗಳೆಂದು ಕರೆಯುವವರು ಅವರ ದೇಶ ಯಾವುದಾಗಿತ್ತೆಂಬುದನ್ನೂ ಹೇಳಬೇಕು. 1778ರಿಂದ 1818ರವರೆಗಿನ ನಾಲ್ವತ್ತು ವರ್ಷಗಳಲ್ಲಿ ಅವರ ಜೋಳದ ರಾಶಿಗೆ ಹೈದರನ ಆಳು ಬಂದನು, ಟಿಪ್ಪುವಿನ ಆಳು ಬಂದನು, ಪೇಶ್ವೆಯ ಇಜಾರದಾರ ಬಂದನು, ಗೋಖಲೆಯ ಕಾರಕೂನ ಬಂದನು. ಯಾರೂ ಕೇಳಿ ಬಂದವರಲ್ಲ. ಈಗ ಮೊದಲ ಬಾರಿಗೆ ಒಬ್ಬನು ಬಂದು, ಕೈಗೆ ಬರ್ಚಿ ಕೊಟ್ಟು, ನಿಮ್ಮ ಊರನ್ನು ನೀವೇ ಹಿಡಿಯಿರಿ ಎಂದನು. ಅವನು ಯಾರಿಗಾಗಿ ಹಿಡಿಸುತ್ತಿದ್ದಾನೆಂಬುದು ತಿಳಿದುದು ಆಮೇಲೆ. ಕುಂಪಣಿಯ ಕಂದಾಯವೂ ಮೊದಮೊದಲು ಹಗುರವಾಗಿರಲಿಲ್ಲ. 1840ರ ದಶಕದಲ್ಲಿ ವಿಂಗೇಟನ ಮೋಜಣಿಯು ನಡೆದ ಮೇಲೆಯೇ ದರಗಳು ಒಂದು ಹದಕ್ಕೆ ಬಂದುವು.

ಇದಕ್ಕಿಂತಲೂ ಕಠಿಣವಾದುದು ಕಿತ್ತೂರಿನ ಮಾತು. ನಮ್ಮ ಸಮಾಜದವರು ಕಿತ್ತೂರನ್ನು ನೆನೆಯುವಾಗ 1824ರಿಂದ ಆರಂಭಿಸುತ್ತಾರೆ. ಅದಕ್ಕೆ ಹಿಂದಿನ ಆರು ವರ್ಷಗಳನ್ನು ಹೇಳಿದರೆ ಕೆಲವರು ಮುನಿಸಿಕೊಳ್ಳುವುದೂ ಉಂಟು. ವೀರಶೈವ ಸಂಸ್ಥಾನವಾದ ಕಿತ್ತೂರಿನ ಮಲ್ಲಸರ್ಜ ದೇಸಾಯಿಯವರು ಟಿಪ್ಪುವಿನ ಸೆರೆಯನ್ನೂ ಪೇಶ್ವೆಯ ಸೆರೆಯನ್ನೂ ಎರಡನ್ನೂ ಕಂಡವರು. 1809ರಲ್ಲಿ ವರ್ಷಕ್ಕೆ 1,75,000 ರೂಪಾಯಿಗಳ ಖಂಡಣಿಗೆ ಒಪ್ಪಿಯೂ ಅವರು ಪುಣೆಯಲ್ಲಿ ವರ್ಷಗಟ್ಟಲೆ ಬಂಧಿತರಾಗಿದ್ದು, ಬಿಡುಗಡೆಯಾದಾಗ ದೇಹ ಜರ್ಜರಿತವಾಗಿ 1816ರಲ್ಲಿ ಲಿಂಗೈಕ್ಯರಾದರು. ಹೀಗಿರಲು ಅವರ ಮಗ ಶಿವಲಿಂಗರುದ್ರಸರ್ಜರು 1818ರಲ್ಲಿ ಬೆಳಗಾವಿಯ ಮುತ್ತಿಗೆಯಲ್ಲಿ ಮನ್ರೋನಿಗೆ ನೆರವಾದುದು ಆಶ್ಚರ್ಯವೇ? ತಂದೆಯನ್ನು ಕೊಂದ ಶಕ್ತಿಯನ್ನು ಉರುಳಿಸುವವನು ಬಂದಾಗ ಮಗನು ಅವನ ಕೈ ಹಿಡಿದನು. ಪ್ರತಿಫಲವಾಗಿ ಸಂಸ್ಥಾನವನ್ನು ಮುಂದುವರಿಸುವ ಸನದು ದೊರೆಯಿತು.

ಅವರೂ ತಮ್ಮನ್ನು ಕುಂಪಣಿಯ ಮಿತ್ರರೆಂದೇ ತಿಳಿದಿದ್ದರು. 1790ರಲ್ಲಿ ಪೇಶ್ವೆಯೂ ನಿಜಾಮನೂ ತಿಳಿದಿದ್ದಂತೆಯೇ. ವ್ಯತ್ಯಾಸವಿಷ್ಟೆ: ದೊಡ್ಡ ಮಿತ್ರನು ಪ್ರತಿಸ್ಪರ್ಧಿಯಾಗಲು ಸಾಧ್ಯ; ಚಿಕ್ಕ ಮಿತ್ರನಿಗೆ ಆ ಅವಕಾಶವೂ ಇರುವುದಿಲ್ಲ, ಅವನು ಒಂದು ದಿನ ಬರಿಯ ಪ್ರಜೆಯಾಗಿಬಿಡುತ್ತಾನೆ. ಯುರೋಪಿನಲ್ಲಿಯೂ ಪೋಲೆಂಡಿನವರು ಹಿಟ್ಲರನ ವಿರುದ್ಧ ಮಿತ್ರರ ಪಕ್ಷದಲ್ಲಿಯೇ ಹೋರಾಡಿದವರು. ಗೆಲವಿನ ದಿನ ಅವರು ಎಚ್ಚತ್ತುದು ರಶಿಯದ ನೆರಳಿನಲ್ಲಿ. ಆ ನೆರಳು ಸರಿಯಲು 1989ನೆಯ ಇಸವಿ ಬರಬೇಕಾಯಿತು.

1945ರ ಕಥೆಯು ಎಲ್ಲ ವಿಷಯಗಳಲ್ಲಿಯೂ ನಮ್ಮದರಂತೆ ಇದೆಯೆಂದು ನಾನು ವಾದಿಸುವುದಿಲ್ಲ. ಅಲ್ಲಿ ಅಣುಬಾಂಬಿನ ಭಯವು ಎರಡೂ ಮಹಾಶಕ್ತಿಗಳನ್ನು ನೇರ ಯುದ್ಧದಿಂದ ತಡೆಯಿತು. 1991ರಲ್ಲಿ ಒಂದು ಶಕ್ತಿಯು ರಣರಂಗವಿಲ್ಲದೆಯೇ ತಾನಾಗಿ ಚೂರಾಯಿತು. ತತ್ತ್ವಭೇದವೂ ಅಲ್ಲಿ ಬರಿಯ ನೆವವಾಗಿರಲಿಲ್ಲ. ಆದರೆ ಆ ವಿದ್ಯಾರ್ಥಿಯ ಪ್ರಶ್ನೆಗೆ ಇಂದು ನಾನು ಉತ್ತರಿಸುವುದಾದರೆ ತತ್ತ್ವಗಳಿಂದ ಆರಂಭಿಸುವುದಿಲ್ಲ. ಧಾರವಾಡದ ಮುತ್ತಿಗೆಯಲ್ಲಿ ಮಿತ್ರನ ತೋಪು ಎಣಿಸುತ್ತ ಕುಳಿತ ತರುಣನಿಂದ ಆರಂಭಿಸುತ್ತೇನೆ, ಮೇಲುಕೋಟೆಯ ಬಯಲಿನ ಪೇಟೆಯ ದರದಿಂದ ಆರಂಭಿಸುತ್ತೇನೆ. ಒಡಕು ಗೆಲವಿನ ಆಮೇಲೆ ಬಂದುದಲ್ಲ, ಕೂಡಿ ಕಾದುತ್ತಿದ್ದಾಗಲೇ ಒಳಗೆ ಕುಳಿತಿತ್ತು. ಸಮಾನ ವೈರಿಯು ಇದ್ದಷ್ಟು ದಿನ ಅದಕ್ಕೆ ಬಾಯಿರಲಿಲ್ಲ.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜರು ಮಕ್ಕಳಿಲ್ಲದೆ ತೀರಿಕೊಂಡರು. ಅವರ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮನ್ನಿಸಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಬಾಗಿಲು ತೆರೆದು ಹೊರಬಿದ್ದ ದಂಡಿನ ಕೈಯಲ್ಲಿ ಅವನು ಹತನಾದನು. ಡಿಸೆಂಬರಿನಲ್ಲಿ ಕುಂಪಣಿಯು ದೊಡ್ಡ ಸೈನ್ಯದೊಡನೆ ಬಂದು ಕೋಟೆಯನ್ನು ತೆಗೆದುಕೊಂಡಿತು. ಆ ಕಾಳಗದಲ್ಲಿ ಬಿದ್ದ ಆಂಗ್ಲರಲ್ಲಿ ಸೊಲ್ಲಾಪುರದ ಸಬ್‌ಕಲೆಕ್ಟರನೊಬ್ಬನಿದ್ದನು. ಆರು ವರ್ಷಗಳ ಹಿಂದೆ ಬೆಳಗಾವಿಯ ಮುಂದೆ ಕಿತ್ತೂರಿನ ನೆರವನ್ನು ಪಡೆದಿದ್ದ ಥಾಮಸ್ ಮನ್ರೋನ ಸಂಬಂಧಿ ಅವನು. ಮನ್ರೋ ಆಗ ಮದರಾಸಿನ ಗವರ್ನರನಾಗಿದ್ದನು. ಮಲ್ಲಸರ್ಜರ ಪತ್ನಿ ರಾಣಿ ಚೆನ್ನಮ್ಮನವರನ್ನು ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟರು. 1829ರಲ್ಲಿ ಅವರು ಅಲ್ಲಿಯೇ ಲಿಂಗೈಕ್ಯರಾದರು.